ಡಬ್ಬಿಯ ಮೇಲಿನ ಹಸಿರು ಎಲೆ ಯಾರು ಕೊಟ್ಟದ್ದು?

ಸರ್ಟಿಫಿಕೇಟ್ ಕಳಿಸಿ ಎಂದು ಕೇಳಿದರೆ ಹೆಚ್ಚಿನ ಮಾರಾಟ ಪ್ರತಿನಿಧಿಗಳು ಮೊದಲು ಕಳಿಸುವುದು ಲೋಗೋದ ಚಿತ್ರ. ಹಸಿರು ಎಲೆ, ಸುತ್ತ ಒಂದು ವೃತ್ತ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಗಂಭೀರ ಪದ. "ಇದು ಮೊಹರು, ನನಗೆ ಬೇಕಾದದ್ದು ಕಾಗದ" ಎಂದರೆ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಉಡುಪಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನನಗೆ ಇದೆಲ್ಲ ಅಭ್ಯಾಸವಾಗಿದೆ. ಕೇಳುವುದನ್ನು ಮಾತ್ರ ಬಿಟ್ಟಿಲ್ಲ.

ಕೇಳಲೇಬೇಕಾದ ಪರಿಸ್ಥಿತಿ ತಂದವರು ಮಣಿಪಾಲದ ವಿದ್ಯಾರ್ಥಿನಿಯರು. ಮದುವೆ, ಸೀಮಂತಕ್ಕೆಂದು ಬರುವ ಊರಿನ ಹೆಂಗಸರು "ಮುಖ ಉರಿಯುವುದಿಲ್ಲವಷ್ಟೆ?" ಎಂದು ಕೇಳಿ ಕಣ್ಣು ಮುಚ್ಚಿ ಕುಳಿತುಬಿಡುತ್ತಾರೆ. ಈ ಹುಡುಗಿಯರು ಹಾಗಲ್ಲ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ, "ಅಕ್ಕ, ರೀಜನರೇಟಿವ್ ಎಂದು ಬರೆದಿದೆಯಲ್ಲ, ಯಾರು ಸರ್ಟಿಫೈ ಮಾಡಿದ್ದು?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಒಂದು ಪದಕ್ಕಾಗಿ ಮಾಮೂಲಿ ಕ್ರೀಮಿನ ಎರಡು ಮೂರು ಪಟ್ಟು ಬೆಲೆ ಕೊಡುವವಳು ಅವಳು; ಅವಳ ಮುಖಕ್ಕೆ ಹಚ್ಚಿ ಹಣ ಎಣಿಸಿಕೊಳ್ಳುವವಳು ನಾನು.

ಮೊದಲು ಒಂದು ಗಂಟು ಬಿಡಿಸಿಕೊಳ್ಳಬೇಕು. ಮಾರುಕಟ್ಟೆಯಲ್ಲಿ ರೀಜನರೇಟಿವ್, ಅಂದರೆ ಮರಳಿ ಜೀವ ತುಂಬುವ, ಎಂಬ ಹೆಸರಿನಡಿ ಸಂಬಂಧವೇ ಇಲ್ಲದ ಎರಡು ಸರಕುಗಳಿವೆ. ಒಂದು, ಮಣ್ಣಿನ ಸತ್ವವನ್ನು ಮರಳಿ ಕಟ್ಟುವ ಬೇಸಾಯದಿಂದ ಬಂದ ಎಣ್ಣೆ, ಬೆಣ್ಣೆ, ಸಾರಗಳನ್ನು ಹಾಕಿ ಮಾಡಿದ್ದು. ಇನ್ನೊಂದು, ಚರ್ಮವನ್ನೇ ಹೊಸದಾಗಿಸುತ್ತೇವೆ ಎನ್ನುವ ಎಕ್ಸೋಸೋಮ್, ಪಿಡಿಆರ್‌ಎನ್, ಸ್ಟೆಮ್ ಸೆಲ್ ಎಂಬ ಜೀವಕೋಶ ಮೂಲದ ವಸ್ತುಗಳ ಸೀರಮ್‌ಗಳು. ಮೊದಲನೆಯದಕ್ಕೆ ಇರುವ ಪ್ರಮಾಣಪತ್ರ ಹೊಲದ ಬಗ್ಗೆ ಮಾತನಾಡುತ್ತದೆ, ನಿಮ್ಮ ಸುಕ್ಕಿನ ಬಗ್ಗೆ ಅಲ್ಲ. ಎರಡನೆಯದರ ಡಬ್ಬಿಯ ಮೇಲೆ ಎಲೆಯ ಚಿತ್ರ ಕಂಡರೆ ನಾನು ಅಲ್ಲಿಗೇ ಕೆಳಗಿಡುತ್ತೇನೆ. ನಮ್ಮ ಕಾನೂನಿನಲ್ಲಿ ಸೌಂದರ್ಯವರ್ಧಕ ಎಂದರೆ ಮೈಮೇಲೆ ಹಚ್ಚುವ, ಸುರಿಯುವ, ಚಿಮುಕಿಸುವ, ಸಿಂಪಡಿಸುವ ವಸ್ತು. ಸೂಜಿ ಚುಚ್ಚುವ ಮಾತು ಬಂದರೆ ಅದು ಚರ್ಮವೈದ್ಯರ ಕೆಲಸ, ಪಾರ್ಲರಿನದ್ದಲ್ಲ. ಇಲ್ಲಿ ಬರೆಯುತ್ತಿರುವುದು ಮೊದಲನೆಯದರ ಬಗ್ಗೆ ಮಾತ್ರ.

ಒಂದು ಕ್ರೀಮಿನ ಕಥೆಯನ್ನೇ ಹೇಳುತ್ತೇನೆ. ಪುನರ್ಪುಳಿ ಬೀಜದ ಬೆಣ್ಣೆ ಹಾಕಿದ, 'ರೀಜನರೇಟಿವ್ ಆರ್ಗ್ಯಾನಿಕ್' ಎಂದು ಮುಂಭಾಗದಲ್ಲೇ ದಪ್ಪಕ್ಷರದಲ್ಲಿ ಬರೆದ 50 ಗ್ರಾಮಿನ ಡಬ್ಬಿ. ಪುನರ್ಪುಳಿ ನಮಗೆ ಹೊಸದೇನಲ್ಲ. ಸಿಪ್ಪೆಯಿಂದ ಶರಬತ್ತು, ಸಾರು. ಬೀಜದಿಂದ ತೆಗೆದ ಗಟ್ಟಿ ಕೊಬ್ಬನ್ನು ಒಡೆದ ಹಿಮ್ಮಡಿಗೆ ಹಚ್ಚುವ ರೂಢಿ ಹಿಂದಿನಿಂದಲೂ ಇದೆ, ಮುರುಗಲ ತುಪ್ಪ ಎನ್ನುವವರೂ ಇದ್ದಾರೆ. ಹೀಗಾಗಿ ಆಸೆಯಿಂದಲೇ ಡಬ್ಬಿ ತಿರುಗಿಸಿದೆ.

ನಾನು ಮೊದಲು ನೋಡುವುದು ಲೋಗೋವನ್ನಲ್ಲ, ಎಲ್ಲರೂ ಬಿಟ್ಟುಬಿಡುವ ಸಣ್ಣಕ್ಷರಗಳನ್ನು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಬಳಸಬೇಕಾದ ಕೊನೆಯ ಅವಧಿ, ಒಳಗಿರುವ ವಸ್ತುಗಳ ಪಟ್ಟಿ ಇವೆಲ್ಲ ಲೇಬಲಿನ ಮೇಲೆ ಇರಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಪ್ರಮಾಣಪತ್ರದ ಸಂಖ್ಯೆ. ಇಷ್ಟೂ ಇಲ್ಲದವನು ಮಣ್ಣಿನ ಆರೋಗ್ಯದ ಬಗ್ಗೆ ಭಾಷಣ ಮಾಡಿದರೆ ನಾನೇಕೆ ಕೇಳಲಿ? ನಮ್ಮ ಕಡೆ ಪ್ರತಿ ಮನೆಯಲ್ಲೂ ದುಬೈಯಿಂದಲೋ ಕುವೈತಿನಿಂದಲೋ ಯಾರೋ ತಂದುಕೊಟ್ಟ ಒಂದು ಕ್ರೀಮ್ ಇದ್ದೇ ಇರುತ್ತದೆ. ಮನೆ ಬಳಕೆಗೆ ಅವರವರ ಇಷ್ಟ. ಅದನ್ನೇ ತಂದು "ಫೇಶಿಯಲ್‌ಗೆ ಇದನ್ನೇ ಹಾಕಿ" ಎಂದರೆ ನಾನು ಒಪ್ಪುವುದಿಲ್ಲ.

ಈ ಕ್ರೀಮಿನ ಪರವಾನಗಿ ಸಂಖ್ಯೆ ಇತ್ತು, ಬ್ಯಾಚ್ ಇತ್ತು. ವಸ್ತುಗಳ ಪಟ್ಟಿಗೆ ಬಂದೆ. ಈ ಪಟ್ಟಿ ಓದಲು ರಸಾಯನಶಾಸ್ತ್ರ ಬೇಕಿಲ್ಲ, ಒಂದು ಸೂತ್ರ ಗೊತ್ತಿದ್ದರೆ ಸಾಕು: ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಆಮೇಲೆ. ಶೇ. 1 ಮತ್ತು ಅದಕ್ಕಿಂತ ಕಡಿಮೆ ಇರುವವುಗಳನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಈ ಡಬ್ಬಿಯಲ್ಲಿ ನೀರು, ಗ್ಲಿಸರಿನ್, ಸೆಟೈಲ್ ಆಲ್ಕೊಹಾಲ್, ಇನ್ನೂ ಕೆಲವು, ಆಮೇಲೆ ಫಿನಾಕ್ಸಿಎಥನಾಲ್, ಅದರ ನಂತರ ಗಾರ್ಸಿನಿಯಾ ಇಂಡಿಕಾ ಸೀಡ್ ಬಟರ್, ಅಂದರೆ ನಮ್ಮ ಪುನರ್ಪುಳಿ. ಫಿನಾಕ್ಸಿಎಥನಾಲ್ ಕೆಡದಂತೆ ಹಾಕುವ ವಸ್ತು, ಅದಕ್ಕೆ ಶೇ. 1ರ ಮಿತಿಯಿದೆ. ಅದರ ಹಿಂದೆ ನಿಂತದ್ದು ಶೇ. 1ನ್ನು ಮೀರಿರಲು ಸಾಧ್ಯವಿಲ್ಲ. 50 ಗ್ರಾಮಿನಲ್ಲಿ ಶೇ. 1 ಎಂದರೆ ಅರ್ಧ ಗ್ರಾಮ್. ಡಬ್ಬಿಯ ಮುಂಭಾಗದಲ್ಲಿ ಹಣ್ಣಿನ ಚಿತ್ರವೇ ಇಡೀ ತುಂಬಿಕೊಂಡಿತ್ತು.

ಅಷ್ಟಕ್ಕೇ ತಿರಸ್ಕರಿಸಲಿಲ್ಲ. ಇರುವ ಅರ್ಧ ಗ್ರಾಮಾದರೂ ಹೇಳಿದ ಜಾಗದಿಂದ ಬಂದದ್ದೇ ಎಂದು ನೋಡೋಣ ಎಂದುಕೊಂಡು ಕಾಗದ ಕೇಳಿದೆ. ಲೋಗೋದ ಚಿತ್ರ, ಬ್ರೋಷರು, 'ನಮ್ಮ ಕಥೆ' ಎಂಬ ವಿಡಿಯೊ ಎಲ್ಲ ಬಂದಾದ ಮೇಲೆ ವಾಟ್ಸಾಪಿನಲ್ಲಿ ಪಿಡಿಎಫ್ ಬಂತು. ಪ್ರಮಾಣಪತ್ರ ನಕಲಿಯಲ್ಲ, ಅಸಲಿಯೇ. ಆದರೆ ಡಬ್ಬಿಯದ್ದಲ್ಲ.

ಪ್ರಮಾಣಪತ್ರದಲ್ಲಿ ನಾನು ಬೆರಳಿಟ್ಟು ಓದುವ ಸಾಲುಗಳು ಕೆಲವೇ. ಯಾರ ಹೆಸರಿಗೆ? ಯಾವ ವಿಳಾಸಕ್ಕೆ? ಯಾವ ಉತ್ಪನ್ನಕ್ಕೆ? ಯಾವ ಮಾನದಂಡದಡಿ? ಯಾವ ದಿನದವರೆಗೆ? ಇಲ್ಲಿ ಹೆಸರು ಪುನರ್ಪುಳಿ ಸಂಗ್ರಹಿಸುವ ಒಂದು ಗುಂಪಿನದು, ಕ್ರೀಮ್ ಮಾಡಿದವರದ್ದಲ್ಲ. ಉತ್ಪನ್ನದ ಕಾಲಮಿನಲ್ಲಿ ಒಣಗಿದ ಹಣ್ಣು, ಬೀಜ ಎಂದಿತ್ತು. ಬೆಣ್ಣೆಯೂ ಇಲ್ಲ, ಕ್ರೀಮಂತೂ ಇಲ್ಲವೇ ಇಲ್ಲ. ಮಾನದಂಡ ಎನ್‌ಪಿಒಪಿ, ಅಂದರೆ 2001ರಿಂದ ಜಾರಿಯಲ್ಲಿರುವ ನಮ್ಮ ದೇಶದ ಸಾವಯವ ಉತ್ಪಾದನಾ ಕಾರ್ಯಕ್ರಮ. ಇದನ್ನು ನೋಡಿಕೊಳ್ಳುವುದು ವಾಣಿಜ್ಯ ಸಚಿವಾಲಯದಡಿಯ ಕೃಷಿ ರಫ್ತು ಸಂಸ್ಥೆ ಅಪೆಡಾ. ಒಳ್ಳೆಯ ಮಾನದಂಡವೇ. ಆದರೆ ಅದು ಸಾವಯವ ಎಂದು ಹೇಳುತ್ತದೆ, ರೀಜನರೇಟಿವ್ ಎಂದು ಹೇಳುವುದಿಲ್ಲ. ಕೃಷಿ ಉತ್ಪನ್ನಕ್ಕೆ ಸಲ್ಲುತ್ತದೆ, ಮುಖದ ಕ್ರೀಮಿಗೆ ಅಲ್ಲ. ಇನ್ನು ಅವಧಿ, ಅದು ಮುಗಿದು ಹೋಗಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅಂಗಡಿಯವರಿಗೂ ಹೆಚ್ಚಾಗಿ ಗೊತ್ತಿಲ್ಲದ್ದು. ಸಾವಯವ ವ್ಯವಹಾರದಲ್ಲಿ ಎರಡು ಕಾಗದಗಳಿರುತ್ತವೆ. ಸ್ಕೋಪ್ ಸರ್ಟಿಫಿಕೇಟ್ ಎಂಬುದು 'ಈ ಗುಂಪು ಈ ಬೆಳೆಗಳನ್ನು ಸಾವಯವವಾಗಿ ಬೆಳೆಯುತ್ತದೆ' ಎಂದು ಹೇಳುತ್ತದೆ. ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಎಂಬುದು 'ಇಂಥವರು ಇಂಥವರಿಗೆ ಇಷ್ಟು ಕಿಲೋ ಮಾರಿದ್ದಾರೆ' ಎಂದು. ಮೊದಲನೆಯದು ಮದುವೆಯ ಕರೆಯೋಲೆಯ ಹಾಗೆ: ಮದುವೆ ಇದೆ ಎಂದು ತಿಳಿಯುತ್ತದೆ, ನೀವು ಊಟ ಮಾಡಿದಿರಿ ಎಂದು ಸಾಬೀತಾಗುವುದಿಲ್ಲ. ಕ್ರೀಮ್ ಕಂಪನಿ ಆ ಗುಂಪಿನಿಂದ ನಿಜಕ್ಕೂ ಬೀಜ ಕೊಂಡಿದೆಯೇ ಎಂದು ತಿಳಿಯಲು ಎರಡನೆಯದೇ ಬೇಕು. ನಾನು ಅದನ್ನು ಕೇಳಿದೆ. "ಮಂಗಳೂರಿನ ಪಾರ್ಲರಿನವರೆಲ್ಲ ತೆಗೆದುಕೊಳ್ಳುತ್ತಾರೆ ಮೇಡಂ, ಯಾರೂ ಇಷ್ಟು ಕೇಳಲಿಲ್ಲ" ಎಂದು ಪ್ರತಿನಿಧಿ ಹೇಳಿದರು. ಅವರು ಪಾಪ, ಗುರಿ ಮುಟ್ಟಬೇಕಾದ ಹುಡುಗ, ಕೋಪ ಬರಲಿಲ್ಲ. ಕಂಪನಿಯ ಇಮೇಲ್ ವಿಳಾಸ ಪಡೆದು ನೇರವಾಗಿ ಬರೆದೆ. ಉತ್ತರದಲ್ಲಿ ಪ್ರಕೃತಿ, ಪರಂಪರೆ, ಅಜ್ಜಿ ಎಲ್ಲ ಇದ್ದರು, ಸಂಖ್ಯೆ ಮಾತ್ರ ಇರಲಿಲ್ಲ.

ಇನ್ನು 'ರೀಜನರೇಟಿವ್ ಆರ್ಗ್ಯಾನಿಕ್ ಸರ್ಟಿಫೈಡ್' ಎಂಬ ಮಾತು. ಇದು ಯಾರು ಬೇಕಾದರೂ ಬರೆದುಕೊಳ್ಳುವ ವಿಶೇಷಣವಲ್ಲ, ಒಂದು ನಿರ್ದಿಷ್ಟ ಪ್ರಮಾಣೀಕರಣದ ಹೆಸರು. ಅಮೆರಿಕದ ರೋಡೇಲ್ ಇನ್‌ಸ್ಟಿಟ್ಯೂಟ್, ಉಡುಪು ಕಂಪನಿ ಪ್ಯಾಟಗೋನಿಯ, ಸೋಪಿನ ಡಾಕ್ಟರ್ ಬ್ರಾನರ್ಸ್ ಸೇರಿ 2017ರಲ್ಲಿ ಹುಟ್ಟುಹಾಕಿದ ರೀಜನರೇಟಿವ್ ಆರ್ಗ್ಯಾನಿಕ್ ಅಲಯನ್ಸ್ ಇದನ್ನು ನಡೆಸುತ್ತದೆ. ಸಾವಯವ ಪ್ರಮಾಣಪತ್ರ ಮೊದಲೇ ಇರಬೇಕು. ಅದರ ಮೇಲೆ ಮಣ್ಣಿನ ಆರೋಗ್ಯ, ಪ್ರಾಣಿಗಳ ಹಿತ, ದುಡಿಯುವವರಿಗೆ ನ್ಯಾಯ ಎಂಬ ಮೂರು ಕಂಬಗಳು. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಮಟ್ಟ. ಪ್ರಮಾಣಪತ್ರ ಪಡೆದವರ ಪಟ್ಟಿಯನ್ನು ಅವರೇ ಜಾಲತಾಣದಲ್ಲಿ ಹಾಕಿರುತ್ತಾರೆ. ನಾನು ಬ್ರ್ಯಾಂಡಿನ ಹೆಸರಿನಿಂದ ಹುಡುಕುತ್ತೇನೆ, ಸಿಗದಿದ್ದರೆ ತಯಾರಕರ ಹೆಸರಿನಿಂದ. ಏಕೆಂದರೆ ಡಬ್ಬಿಯ ಮುಂದೆ ಒಂದು ಹೆಸರು, ಹಿಂದೆ 'ತಯಾರಿಸಿದವರು' ಎಂದು ಬೇರೊಂದು ಹೆಸರು ಇರುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಪುನರ್ಪುಳಿ ಕ್ರೀಮ್ ಎರಡೂ ಹೆಸರಿನಲ್ಲಿ ಸಿಗಲಿಲ್ಲ.

ರೀಜನ್‌ಆಗ್ರಿ ಎಂಬ ಇನ್ನೊಂದು ಪ್ರಮಾಣೀಕರಣವೂ ಇದೆ. ಅದಕ್ಕೆ ಸಾವಯವವಾಗಿರಲೇಬೇಕೆಂಬ ಷರತ್ತಿಲ್ಲ. ತಪ್ಪೇನಲ್ಲ, ಗಿರಾಕಿಗೆ ಹಾಗೆಂದು ಹೇಳಿದರಾಯಿತು. ರಾಸಾಯನಿಕ ಮುಟ್ಟದ ಬೆಳೆ ಎಂದುಕೊಂಡು ಅವಳು ಕೊಳ್ಳಬಾರದು, ಅಷ್ಟೇ.

ಸೌಂದರ್ಯವರ್ಧಕಕ್ಕೇ ಎಂದು ಇರುವ ಮಾನದಂಡಗಳಲ್ಲಿ ನಾನು ಹೆಚ್ಚು ನೆಚ್ಚುವುದು ಕಾಸ್ಮೋಸ್ ಅನ್ನು. ಇಕೋಸರ್ಟ್, ಸಾಯಿಲ್ ಅಸೋಸಿಯೇಶನ್ ಮುಂತಾದ ಯುರೋಪಿನ ಐದು ಸಂಸ್ಥೆಗಳು ಸೇರಿ ಮಾಡಿಕೊಂಡದ್ದು. ಇಲ್ಲೂ ಕಣ್ಣು ತೆರೆದಿರಬೇಕು. ಕಾಸ್ಮೋಸ್ ಆರ್ಗ್ಯಾನಿಕ್ ಎಂದಿದ್ದರೆ ಇಡೀ ಉತ್ಪನ್ನದ ತೂಕದಲ್ಲಿ ಕನಿಷ್ಠ ಶೇ. 20 ಸಾವಯವ ಇರಬೇಕು, ತೊಳೆದು ಹೋಗುವ ಫೇಸ್‌ವಾಶ್‌ನಂಥವಕ್ಕೆ ಶೇ. 10. ಕಾಸ್ಮೋಸ್ ನ್ಯಾಚುರಲ್ ಎಂದಿದ್ದರೆ ಸಾವಯವ ಇಷ್ಟಿರಬೇಕೆಂಬ ಕನಿಷ್ಠ ಮಿತಿಯೇ ಇಲ್ಲ. ಶೇ. 20 ಎಂದಾಗ ಗಿರಾಕಿಗಳು ಹುಬ್ಬೇರಿಸುತ್ತಾರೆ. ಕ್ರೀಮಿನಲ್ಲಿ ಬಹುಪಾಲು ನೀರು, ನೀರಿಗೆ ಸಾವಯವ ಎಂಬುದಿಲ್ಲ ಎಂದು ವಿವರಿಸಿದರೆ ಹುಬ್ಬು ಇಳಿಯುತ್ತದೆ.

ಉಳಿದ ಮೊಹರುಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 'ಐಎಸ್‌ಒ ಸರ್ಟಿಫೈಡ್' ಎಂಬುದು ಕಾರ್ಖಾನೆಯ ಕಾರ್ಯಪದ್ಧತಿಯ ಮಾತು. ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ, ಕೊಡುವವರು ಬೇರೆ ಸಂಸ್ಥೆಗಳು. 22716 ಎಂಬ ಸಂಖ್ಯೆ ಇದ್ದರೆ ಅದು ಸೌಂದರ್ಯವರ್ಧಕ ತಯಾರಿಕೆಗೆ ಸಂಬಂಧಿಸಿದ್ದು, ಸ್ವಲ್ಪ ಮರ್ಯಾದೆ ಕೊಡುತ್ತೇನೆ. 'ಯುಎಸ್ ಎಫ್‌ಡಿಎ ಅಪ್ರೂವ್ಡ್' ಎಂದು ಬರೆದ ಕ್ರೀಮನ್ನು ಪಕ್ಕಕ್ಕೆ ಇಡುತ್ತೇನೆ, ಏಕೆಂದರೆ ಅಮೆರಿಕದ ಆ ಆಹಾರ, ಔಷಧ ಇಲಾಖೆ ಕ್ರೀಮುಗಳಿಗೆ ಮಾರಾಟಕ್ಕೆ ಮುನ್ನ ಅನುಮೋದನೆ ಕೊಡುವ ಪದ್ಧತಿಯೇ ಇಲ್ಲ. ಜೈವಿಕ್ ಭಾರತ್ ಲಾಂಛನ ಸಾವಯವ ಆಹಾರಕ್ಕೆ. ಮುಖದ ಕ್ರೀಮಿನ ಮೇಲೆ ಕಂಡರೆ ಲೇಬಲ್ ಬರೆದವನಿಗೇ ಗೊತ್ತಿಲ್ಲ ಎಂದರ್ಥ, ಅಥವಾ ಚೆನ್ನಾಗಿಯೇ ಗೊತ್ತಿದೆ ಎಂದರ್ಥ. ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ ಎಂಬುದನ್ನು ದೊಡ್ಡ ಸಾಧನೆಯಂತೆ ಬರೆಯುತ್ತಾರೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆ. ಪ್ರಯೋಗಾಲಯಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ತೋರಿಸಿದರೆ ಬ್ಯಾಚ್ ಸಂಖ್ಯೆ ನೋಡುತ್ತೇನೆ. ಆ ವರದಿ ಪರೀಕ್ಷೆಗೆ ಕೊಟ್ಟ ಮಾದರಿಯ ಬಗ್ಗೆ ಮಾತ್ರ, ನನ್ನ ಕೈಯಲ್ಲಿರುವ ಡಬ್ಬಿಯ ಬಗ್ಗೆ ಅಲ್ಲ.

ಇಷ್ಟೆಲ್ಲ ಹೇಳಿದವಳು ಪ್ರಮಾಣಪತ್ರವಿಲ್ಲದ್ದನ್ನು ಮುಟ್ಟುವುದೇ ಇಲ್ಲ ಎಂದುಕೊಳ್ಳಬೇಡಿ. ಹಿರಿಯಡ್ಕದ ಕಡೆಯ ಒಬ್ಬರು ತೆಂಗಿನ ಹಾಲು ಕಾಯಿಸಿ ಎಣ್ಣೆ ತೆಗೆಯುತ್ತಾರೆ. ಅಡುಗೆಗೆ ಮಾರುವ ಎಣ್ಣೆ, ಆಹಾರ ಪರವಾನಗಿ ಇದೆ, ಲೇಬಲಿನ ಮೇಲೆ ತೆಂಗಿನೆಣ್ಣೆ ಎಂದಷ್ಟೇ ಇದೆ. ನಮ್ಮ ಮನೆಯ ಮಗುವಿನ ಮೈಗೆ, ನನ್ನ ತಲೆಗೆ ಅದನ್ನೇ ಹಚ್ಚುವುದು. ಅವರ ತೋಟಕ್ಕೆ ಹೋಗಿ ನೋಡಿದ್ದೇನೆ: ಬುಡಕ್ಕೆ ಸೊಪ್ಪು, ಹಟ್ಟಿ ಗೊಬ್ಬರ, ಅಡಿಕೆ ನಡುವೆ ಕಾಳುಮೆಣಸು. "ರೀಜನರೇಟಿವ್ ಎಂದು ಬರೆಸಿ ಅಕ್ಕ, ಬೆಲೆ ಬರುತ್ತದೆ" ಎಂದು ಯಾರೋ ಅವರಿಗೆ ಸಲಹೆ ಕೊಟ್ಟರಂತೆ. "ಬರೆದರೆ ತೋರಿಸಬೇಕಲ್ಲ?" ಎಂದು ಅವರು ಕೇಳಿದರಂತೆ. ಏನನ್ನೂ ಹೇಳಿಕೊಳ್ಳದವರ ಹತ್ತಿರ ನಾನು ಕಾಗದ ಕೇಳುವುದಿಲ್ಲ. ಹೇಳಿಕೊಂಡವರು ತೋರಿಸಬೇಕು.

ತೋರಿಸಬೇಕೆಂಬುದು ನನ್ನೊಬ್ಬಳ ಹಟವೂ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಸಿರು, ಪರಿಸರಸ್ನೇಹಿ ಎಂಬಂಥ ಮಾತುಗಳನ್ನು ಆಧಾರವಿಲ್ಲದೆ ಬಳಸುವಂತಿಲ್ಲ. ಆಧಾರವನ್ನು ಜಾಹೀರಾತಿನಲ್ಲೋ ಕ್ಯುಆರ್ ಕೋಡ್ ಅಥವಾ ಜಾಲತಾಣದ ಮೂಲಕವೋ ಗ್ರಾಹಕರಿಗೆ ಸಿಗುವಂತೆ ಮಾಡಬೇಕು. ಕಂಪನಿಗೆ ಬರೆಯುವ ಇಮೇಲಿನಲ್ಲಿ ಈಗ ಈ ಒಂದು ಸಾಲನ್ನು ಸೇರಿಸುತ್ತೇನೆ. ಉತ್ತರದ ವೇಗ ಎದ್ದು ಕಾಣುವಷ್ಟು ಹೆಚ್ಚಿದೆ. ಹಣ ಕೊಟ್ಟ ಮೇಲೆ ಸುಳ್ಳೆಂದು ತಿಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು, ಡಬ್ಬಿಯ ಎಲ್ಲ ಬದಿಗಳ ಫೋಟೊ, ವಾಟ್ಸಾಪಿನಲ್ಲಿ ಅವರು ಬರೆದದ್ದು ಇವನ್ನೆಲ್ಲ ಇಟ್ಟುಕೊಂಡಿರಬೇಕು. ಡಬ್ಬಿ ಖಾಲಿಯಾಯಿತೆಂದು ಎಸೆದವರ ಹತ್ತಿರ ವಾದಿಸಲು ಏನೂ ಉಳಿಯುವುದಿಲ್ಲ.

ಪ್ರಮಾಣಪತ್ರಗಳ ಪ್ರತಿ ತೆಗೆದು ಫೈಲಿನಲ್ಲಿ ಹಾಕಿ ಕೌಂಟರಿನ ಮೇಲೆಯೇ ಇಟ್ಟಿದ್ದೇನೆ, ಮೇಲ್ಗಡೆ ಅವಧಿ ಮುಗಿಯುವ ದಿನವನ್ನು ಕೆಂಪು ಪೆನ್ನಿನಲ್ಲಿ ಬರೆದು. ಕಾಯುವ ಹೊತ್ತಿನಲ್ಲಿ ಹುಡುಗಿಯರು ತೆಗೆದು ಓದುತ್ತಾರೆ. ಪುನರ್ಪುಳಿ ಕ್ರೀಮ್ ನನ್ನಲ್ಲಿಲ್ಲ. ರೀಜನರೇಟಿವ್ ಎಂದು ಬರೆದ ಸರಕು ಸದ್ಯಕ್ಕೆ ಕಪಾಟಿನಲ್ಲಿ ಒಂದೇ ಇದೆ, ಒಂದು ಬಾಡಿ ಆಯಿಲ್. ಅದರ ಪ್ರಮಾಣಪತ್ರದ ಅವಧಿ ಬರುವ ತಿಂಗಳು ಮುಗಿಯುತ್ತದೆ. ಹೊಸದನ್ನು ಕಳಿಸಲು ಬರೆದಿದ್ದೇನೆ; ಅದು ಬಂದ ಮೇಲೆಯೇ ಮುಂದಿನ ಆರ್ಡರ್.