ಏರುದಾರಿಯಲ್ಲಿ ಮಂಡಿ ಕಾಯುವ ಪೆಡಲಿನ ಲೆಕ್ಕ

ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಸೈಕಲ್ಲಿನಲ್ಲಿ ಹತ್ತುವವರು ಮಂಡಿಚಿಪ್ಪಿನ ಸುತ್ತ ನೋವು ಕಾಣಿಸಿಕೊಂಡರೆ ಸಾಮಾನ್ಯವಾಗಿ ದೂರುವುದು ರಸ್ತೆಯ ಏರನ್ನು. ಆದರೆ ಮೊದಲು ನೋಡಬೇಕಾದದ್ದು ಪೆಡಲು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದನ್ನು. ಸವಾರರು ಕ್ಯಾಡೆನ್ಸ್ ಎನ್ನುವುದು ಇದನ್ನೇ. ವೇಗ ಅಷ್ಟೇ ಇದ್ದು ಸುತ್ತು ಕಡಿಮೆಯಾದರೆ ಪ್ರತಿ ತುಳಿತಕ್ಕೂ ಹೆಚ್ಚು ಬಲ ಬೇಕಾಗುತ್ತದೆ, ಆ ಬಲಕ್ಕಾಗಿ ಬಿಗಿಯುವ ತೊಡೆಯ ಸ್ನಾಯು ಮಂಡಿಚಿಪ್ಪನ್ನು ತೊಡೆಮೂಳೆಗೆ ಒತ್ತುತ್ತದೆ.

ಎಣಿಸಲು ಯಂತ್ರ ಬೇಕಿಲ್ಲ. ಬಲಗಾಲಿನ ಮಂಡಿ ಎಷ್ಟು ಸಲ ಮೇಲೆ ಬರುತ್ತದೆಂದು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿರಿ. ಸಮತಟ್ಟಾದ ದಾರಿಯಲ್ಲಿ 80ರ ಆಸುಪಾಸು, ಏರಿನಲ್ಲಿ 60ಕ್ಕಿಂತ ಮೇಲೆ ಇದ್ದರೆ ಹೆಚ್ಚಿನವರಿಗೆ ಸಾಕು.

ಚೈನು ಸುತ್ತುವ ಹಲ್ಲುಚಕ್ರಗಳಲ್ಲಿ ಮುಂದೆ 50, ಹಿಂದೆ 28 ಹಲ್ಲಿನ ಜೋಡಿಯಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತುವ ರೋಡ್ ಸೈಕಲ್ಲಿನ ಪೆಡಲು ನಿಮಿಷಕ್ಕೆ ಸುಮಾರು 36 ಸುತ್ತಷ್ಟೇ ತಿರುಗುತ್ತದೆ. ಮುಂದೆಯೂ ಹಿಂದೆಯೂ 34 ಹಲ್ಲಿಗೆ ಬಂದರೆ ಅದೇ ವೇಗಕ್ಕೆ 63 ಸುತ್ತು ಬೇಕು, ಆದರೆ ಪ್ರತಿ ತುಳಿತದ ಭಾರ ನೂರಕ್ಕೆ ಸುಮಾರು 44ರಷ್ಟು ಇಳಿಯುತ್ತದೆ. ದೊಡ್ಡ ಗಿಯರಿನಲ್ಲೇ ಹತ್ತಿದೆನೆಂಬ ಹೆಮ್ಮೆಗೆ ಬೆಲೆ ತೆರುವುದು ಮಂಡಿಯೇ.

ಗಿಯರನ್ನು ಏರು ಶುರುವಾಗುವ ಮೊದಲೇ ಇಳಿಸಬೇಕು. ಸಂಪಾಜೆ ಘಟ್ಟದಂತಹ ದಾರಿಯಲ್ಲಿ ತಿರುವು ದಾಟಿದೊಡನೆ ಏರು ಎದುರಾಗುವುದರಿಂದ, ತಿರುವಿನ ಮುಂಚೆಯೇ, ಪೆಡಲು ಇನ್ನೂ ಹಗುರವಾಗಿರುವಾಗ ಬದಲಾಯಿಸಿರಿ. ಪೂರ್ತಿ ಬಲ ಹಾಕಿ ತುಳಿಯುತ್ತ ಬದಲಾಯಿಸಹೊರಟರೆ ಚೈನು ಕರಕರ ಎಂದು ಒದ್ದಾಡುತ್ತದೆ, ಕೆಲವೊಮ್ಮೆ ಕಳಚಿಯೂ ಬೀಳುತ್ತದೆ.

ಅಭ್ಯಾಸವನ್ನು ಕುಶಾಲನಗರದ ಸುತ್ತಲಿನ ಸಮತಟ್ಟಾದ ರಸ್ತೆಯಲ್ಲಿ ಆರಂಭಿಸಿ, ನಿಮಿಷಕ್ಕೆ ಐದೈದು ಸುತ್ತಿನಂತೆ ಹೆಚ್ಚಿಸಿರಿ. ಸೊಂಟ ಸೀಟಿನ ಮೇಲೆ ಕುಣಿಯತೊಡಗಿದರೆ ಅದು ಸದ್ಯದ ಮಿತಿ. ಸುತ್ತು ಹೆಚ್ಚಿದಷ್ಟೂ ಏದುಸಿರು ಬರುವುದುಂಟು. ಭಾರದ ಒಂದು ಪಾಲು ಕಾಲಿನಿಂದ ಎದೆಗೆ ವರ್ಗವಾಗಿರುತ್ತದೆ, ಅಷ್ಟೆ.

ಸೀಟು ತಗ್ಗಾಗಿದ್ದರೆ ಈ ಲೆಕ್ಕವೆಲ್ಲ ಅರ್ಧ ವ್ಯರ್ಥ. ಪೆಡಲು ಪೂರ್ತಿ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿಯಷ್ಟು ಮಾತ್ರ ಬಾಗಿರಬೇಕು. ಮಂಡಿಯ ಮುಂಭಾಗ ನೋಯುವುದು ಹೆಚ್ಚಾಗಿ ಸೀಟು ತಗ್ಗಾಗಿದ್ದಾಗ, ಹಿಂಭಾಗ ನೋಯುವುದು ಅತಿಯಾಗಿ ಎತ್ತರವಾಗಿದ್ದಾಗ. ಬಾವು ಬಂದರೆ, ಅಥವಾ ವಿಶ್ರಾಂತಿಯ ನಂತರವೂ ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.

ಗಿಯರಿಲ್ಲದ ಸೈಕಲ್ಲಿನವರು ಭಾಗಮಂಡಲದಿಂದ ತಲಕಾವೇರಿಗೆ ಹೋಗುವ 8 ಕಿ.ಮೀ. ಏರಿನಂತಹ ಕಡೆ ಪೆಡಲು ನಿಲ್ಲುವಷ್ಟು ನಿಧಾನವಾದಾಗ ಹಟ ಮಾಡದೆ ಇಳಿದು ತಳ್ಳುವುದೇ ಲೇಸು.