ಹಶಿಮೊಟೊ ಥೈರಾಯ್ಡ್: ಪರೀಕ್ಷೆ ಮಾಡಿಸುವುದು, ಮಾತ್ರೆ ಹೊಂದಿಸಿಕೊಳ್ಳುವುದು ಹೇಗೆ?

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಪರಕೀಯವೆಂದು ಭಾವಿಸಿ ವರ್ಷಗಟ್ಟಲೆ ನಿಧಾನವಾಗಿ ಹಾಳುಗೆಡವುವ ಆಟೊಇಮ್ಯೂನ್ ಕಾಯಿಲೆಗೆ ಹಶಿಮೊಟೊ ಥೈರಾಯ್ಡೈಟಿಸ್ ಎಂದು ಹೆಸರು. ಜಪಾನಿನ ವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ಈ ರೋಗಿಗಳ ರಕ್ತದಲ್ಲಿ ತಮ್ಮದೇ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳಿರುವುದು ಪತ್ತೆಯಾದದ್ದು 1956ರಲ್ಲಿ. ಆಹಾರದಲ್ಲಿ ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಥೈರಾಯ್ಡ್ ಹಾರ್ಮೋನ್ ಕೊರತೆಗೆ ಇದೇ ಮುಖ್ಯ ಕಾರಣ. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹಲವು ಪಟ್ಟು ಹೆಚ್ಚು.

ಯಾವಾಗ ಅನುಮಾನಿಸಬೇಕು?

ಬಿಡದ ದಣಿವು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಒಣ ಚರ್ಮ, ಕೂದಲು ಉದುರುವುದು, ಮುಟ್ಟಿನ ಏರುಪೇರು, ಕಾರಣವಿಲ್ಲದೆ ತೂಕ ಏರುವುದು, ಮಂಕು ಕವಿದಂತಿರುವುದು ಸಾಮಾನ್ಯ ಲಕ್ಷಣಗಳು. ಇವುಗಳಲ್ಲಿ ಯಾವುದೂ ಥೈರಾಯ್ಡಿಗೇ ಮೀಸಲಾದದ್ದಲ್ಲವಾದ್ದರಿಂದ ಲಕ್ಷಣಗಳನ್ನು ನೋಡಿ ಕಾಯಿಲೆಯನ್ನು ನಿರ್ಧರಿಸಲಾಗದು, ರಕ್ತಪರೀಕ್ಷೆಯೇ ಆಗಬೇಕು. ಮನೆಯಲ್ಲಿ ಥೈರಾಯ್ಡ್ ಕಾಯಿಲೆಯವರಿದ್ದರೆ, ಟೈಪ್ 1 ಮಧುಮೇಹ ಅಥವಾ ಸೀಲಿಯಾಕ್ ಕಾಯಿಲೆ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ) ಇದ್ದರೆ, ಗರ್ಭ ನಿಲ್ಲದೆ ತೊಂದರೆಯಾಗುತ್ತಿದ್ದರೆ ಪರೀಕ್ಷೆಯನ್ನು ಮುಂದೂಡದಿರುವುದು ಒಳಿತು.

ಮೊದಲ ಪರೀಕ್ಷೆ ಟಿಎಸ್‌ಎಚ್

ಪರೀಕ್ಷೆ ಆರಂಭವಾಗಬೇಕಾದದ್ದು ಟಿಎಸ್‌ಎಚ್‌ನಿಂದ. ಇದು ಥೈರಾಯ್ಡಿನ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳಿಸುವ ಆದೇಶ. ಥೈರಾಯ್ಡ್ ಸೋಲತೊಡಗಿದಂತೆ ಪಿಟ್ಯುಟರಿಯ ಒತ್ತಾಯ ಜೋರಾಗುತ್ತದೆ. ಆದ್ದರಿಂದಲೇ ರಕ್ತದಲ್ಲಿ ಥೈರಾಯ್ಡಿನ ಮುಖ್ಯ ಹಾರ್ಮೋನಾದ ಟಿ4 ಸ್ವಲ್ಪವೇ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ವಯಸ್ಕರಲ್ಲಿ ಸುಮಾರು 0.4ರಿಂದ 4ರವರೆಗಿನ ಅಂಕಿಯನ್ನು ಸಾಮಾನ್ಯವೆಂದು ಪರಿಗಣಿಸುವುದು ರೂಢಿ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ತುಸು ಬದಲಾಗುವುದರಿಂದ ವರದಿಯಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡಬೇಕು.

ಇದಕ್ಕೆ ಉಪವಾಸ ಕಡ್ಡಾಯವಲ್ಲ. ಆದರೆ ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುವ ಹಾರ್ಮೋನ್ ಆದ್ದರಿಂದ, ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಸಂಜೆ ರಕ್ತ ಕೊಟ್ಟರೆ ಎರಡು ವರದಿಗಳನ್ನು ಹೋಲಿಸುವುದು ಕಷ್ಟ. ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕೊಡುವುದು ಜಾಣತನ. ಕೂದಲಿಗೆ, ಉಗುರಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಕೆಲವು ಪರೀಕ್ಷಾ ವಿಧಾನಗಳಲ್ಲಿ ಬಯೋಟಿನ್‌ನಿಂದ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯೆಂದೂ ಟಿ4 ಹೆಚ್ಚೆಂದೂ ಕಾಣಿಸಿ, ಕೊರತೆಯೇ ಮುಚ್ಚಿಹೋಗಬಹುದು. ಈ ಸಣ್ಣ ಸಂಗತಿಯನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ. ಲಿಥಿಯಂ (ಮಾನಸಿಕ ಕಾಯಿಲೆಯ ಔಷಧಿ), ಅಮಿಯೊಡರೋನ್ (ಹೃದಯದ ಲಯದ ಔಷಧಿ), ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಟಿಎಸ್‌ಎಚ್ ಹೆಚ್ಚಿದ್ದರೆ ಮುಂದಿನ ಹೆಜ್ಜೆ ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4 ಪರೀಕ್ಷೆ. ಅದೂ ಕಡಿಮೆ ಬಂದರೆ ಕೊರತೆ ಖಚಿತ. ಟಿಎಸ್‌ಎಚ್ ಏರಿದ್ದು ಫ್ರೀ ಟಿ4 ಸರಿಯಿದ್ದರೆ ಅದನ್ನು ಸಬ್‌ಕ್ಲಿನಿಕಲ್ ಹಂತ ಎನ್ನುತ್ತಾರೆ. ಜ್ವರ ಅಥವಾ ಬೇರೆ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಟಿಎಸ್‌ಎಚ್ ತಾತ್ಕಾಲಿಕವಾಗಿ ಏರುವುದುಂಟಾದ್ದರಿಂದ, ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಟಿಎಸ್‌ಎಚ್ ತೀರಾ ಕೆಳಗಿದ್ದು ಟಿ4 ಮೇಲಿದ್ದರೆ ಅದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್‌ನಂಥ ಬೇರೆಯದೇ ಕಾಯಿಲೆಯ ಸೂಚನೆ. ಅದರ ಪರೀಕ್ಷೆಯೂ ಔಷಧಿಯೂ ಬೇರೆ.

ಪ್ರತಿಕಾಯ ಪರೀಕ್ಷೆ ಒಂದೇ ಸಲ ಸಾಕು

ಕೊರತೆಯ ಮೂಲ ಆಟೊಇಮ್ಯೂನ್ ಹೌದೇ ಎಂದು ತಿಳಿಯಲು ಥೈರಾಯ್ಡ್ ಹಾರ್ಮೋನ್ ತಯಾರಿಸುವ ಕಿಣ್ವದ ವಿರುದ್ಧ ಹುಟ್ಟುವ ಆ್ಯಂಟಿ ಟಿಪಿಒ ಪ್ರತಿಕಾಯವನ್ನು ಅಳೆಯುತ್ತಾರೆ. ಹಶಿಮೊಟೊ ಇರುವವರಲ್ಲಿ ಸುಮಾರು ಶೇ 90ರಷ್ಟು ಮಂದಿಯಲ್ಲಿ ಇದು ಸಿಗುತ್ತದೆ. ಆದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿರುವವರಲ್ಲೂ ಹತ್ತರಲ್ಲಿ ಒಬ್ಬರಿಗಾದರೂ ಇದು ಇರುತ್ತದೆ. ಅವರಿಗೆ ಮಾತ್ರೆ ಬೇಕಿಲ್ಲ, ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಕೊಂಡರೆ ಸಾಕು. ಟಿಎಸ್‌ಎಚ್ ಏರಿರುವ, ಪ್ರತಿಕಾಯವೂ ಇರುವ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ಶೇ 4ರಷ್ಟು ಮಂದಿ ಪೂರ್ಣ ಕೊರತೆಯ ಹಂತ ತಲುಪುತ್ತಾರೆ.

ಅನೇಕರು ಎಡವುವುದು ಇಲ್ಲೇ. 600 ಇದ್ದ ಪ್ರತಿಕಾಯ 900 ಆಯಿತೆಂದು ಹೆದರಿ, 400ಕ್ಕೆ ಇಳಿಯಿತೆಂದು ಹಿಗ್ಗಿ, ಆ ಅಂಕಿಯನ್ನು ಇಳಿಸಲೆಂದೇ ಬಗೆಬಗೆಯ ಪಥ್ಯ, ಪುಡಿ, ಕ್ಯಾಪ್ಸೂಲ್‌ಗಳ ಹಿಂದೆ ಓಡುತ್ತಾರೆ. ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವುದು ಪ್ರತಿಕಾಯದ ಅಂಕಿಯಲ್ಲ, ಟಿಎಸ್‌ಎಚ್. ಹೀಗಾಗಿ ಒಮ್ಮೆ ಖಚಿತವಾದ ಮೇಲೆ ಪ್ರತಿಕಾಯವನ್ನು ಪದೇಪದೇ ಅಳೆಸುವುದರಿಂದ ಲಾಭವಿಲ್ಲ. ಸೆಲೆನಿಯಂ ಎಂಬ ಖನಿಜದ ಮಾತ್ರೆಯಿಂದ ಕೆಲವರಲ್ಲಿ ಈ ಅಂಕಿ ಇಳಿಯುತ್ತದೆ ನಿಜ, ಆದರೆ ಅದರಿಂದ ಗ್ರಂಥಿ ಉಳಿಯುತ್ತದೆಂದು ಸಾಬೀತಾಗಿಲ್ಲ. ಅಯೋಡಿನ್ ಮಾತ್ರೆಗಳನ್ನು ತಾವಾಗಿಯೇ ನುಂಗುವುದಂತೂ ಕಾಯಿಲೆಯನ್ನು ಕೆರಳಿಸಬಹುದು. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ ಅಥವಾ ಗ್ರಂಥಿ ಒಂದೇ ಕಡೆ ಉಬ್ಬಿದ್ದರೆ ಮಾತ್ರ ಸ್ಕ್ಯಾನಿಂಗ್ ಬೇಕು.

ಮಾತ್ರೆ ಆರಂಭ

ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಥೈರಾಯ್ಡ್ ರಸವನ್ನು ರೋಗಿಯೊಬ್ಬರಿಗೆ ಚುಚ್ಚಿ ಚೇತರಿಕೆ ಕಂಡಿದ್ದರು. ಇಂದು ಅದೇ ಕೆಲಸವನ್ನು ಲಿವೊಥೈರಾಕ್ಸಿನ್ ಎಂಬ ಕೃತಕ ಟಿ4 ಮಾಡುತ್ತದೆ. ಅದು ದಾಳಿಯನ್ನು ನಿಲ್ಲಿಸುವುದಿಲ್ಲ, ಗ್ರಂಥಿ ಮಾಡಲಾಗದ್ದನ್ನು ಹೊರಗಿನಿಂದ ತುಂಬಿಕೊಡುತ್ತದೆ. ಹಾಗಾಗಿಯೇ ಬಹುತೇಕರಿಗೆ ಇದು ಜೀವನಪರ್ಯಂತದ ಮಾತ್ರೆ. ಟಿಎಸ್‌ಎಚ್ 10ನ್ನು ದಾಟಿದರೆ ಸಾಮಾನ್ಯವಾಗಿ ಆರಂಭಿಸುತ್ತಾರೆ. ಅದಕ್ಕಿಂತ ಕಡಿಮೆಯಿದ್ದಾಗ ಲಕ್ಷಣ, ವಯಸ್ಸು, ಗರ್ಭಧಾರಣೆಯ ಯೋಜನೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಪೂರ್ಣ ಕೊರತೆಯಿರುವ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೊಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 100ರ ಆಸುಪಾಸು ಬೇಕಾಗುತ್ತದೆ. ವಯಸ್ಸಾದವರಿಗೆ, ಹೃದ್ರೋಗಿಗಳಿಗೆ 12.5 ಅಥವಾ 25 ಮೈಕ್ರೊಗ್ರಾಂನಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ.

ನುಂಗುವ ಕ್ರಮ ಪ್ರಮಾಣದಷ್ಟೇ ಮುಖ್ಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ತೆಗೆದುಕೊಂಡು, ಕಾಫಿಗೂ ತಿಂಡಿಗೂ ಮುನ್ನ ಅರ್ಧದಿಂದ ಒಂದು ಗಂಟೆ ಬಿಡಬೇಕು. ಇದು ಆಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದನ್ನು ಕರುಳಿನಲ್ಲೇ ಹಿಡಿದಿಟ್ಟುಬಿಡುವುದರಿಂದ ನಡುವೆ ನಾಲ್ಕು ಗಂಟೆ ಅಂತರವಿರಲಿ. ಟಿಎಸ್‌ಎಚ್ ಇಳಿಯುತ್ತಿಲ್ಲವೆಂದು ಪ್ರಮಾಣ ಏರಿಸುತ್ತಲೇ ಹೋಗುವ ಮೊದಲು ಈ ಅಂತರ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಒಳ್ಳೆಯದು.

ಮರುಪರೀಕ್ಷೆ ಮತ್ತು ತಾಳ್ಮೆ

ಲಿವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಒಂದು ದಿನದ ಮಾತ್ರೆ ಮರೆತರೆ ಅನಾಹುತವೇನಿಲ್ಲ. ಅದೇ ಕಾರಣಕ್ಕೆ ಹೊಸ ಪ್ರಮಾಣದ ಫಲವೂ ಬೇಗ ಕಾಣದು. ಮರುಪರೀಕ್ಷೆಗೆ ಆರರಿಂದ ಎಂಟು ವಾರ ಕಾಯಬೇಕು. ಎರಡೇ ವಾರಕ್ಕೆ ಮಾಡಿಸಿದ ಪರೀಕ್ಷೆ ದಾರಿ ತಪ್ಪಿಸುತ್ತದೆ. ಫ್ರೀ ಟಿ4 ಕೂಡ ನೋಡುವುದಿದ್ದರೆ ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ನಂತರ ನುಂಗಬೇಕು. ಟಿಎಸ್‌ಎಚ್ ಸ್ಥಿರವಾದ ಮೇಲೆ ವರ್ಷಕ್ಕೊಮ್ಮೆ ಸಾಕು. ಮಾತ್ರೆಯ ಕಂಪನಿ ಬದಲಾದರೆ ಮಾತ್ರ ಮತ್ತೆ ಆರು ವಾರಕ್ಕೆ ನೋಡುವುದು ಕ್ಷೇಮ. ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ದೆ ಕೆಡುವುದು ಪ್ರಮಾಣ ಅತಿಯಾಗಿರುವುದರ ಲಕ್ಷಣಗಳು. ಅದನ್ನು ಹಾಗೇ ಬಿಟ್ಟರೆ, ವಿಶೇಷವಾಗಿ ವಯಸ್ಸಾದವರಲ್ಲಿ, ಹೃದಯದ ಲಯ ತಪ್ಪಬಹುದು, ಮೂಳೆ ಸವೆಯಬಹುದು.

ಮಾತ್ರೆಯಲ್ಲಿರುವ ಮಹಿಳೆ ಗರ್ಭಿಣಿಯಾದರೆ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೊದಲ ವಾರಗಳಲ್ಲಿ ಭ್ರೂಣವು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಪ್ರಮಾಣವನ್ನು ಸಾಮಾನ್ಯವಾಗಿ ಶೇ 25ರಿಂದ 30ರಷ್ಟು ಏರಿಸಿ, ಟಿಎಸ್‌ಎಚ್ 2.5ರ ಒಳಗಿರುವಂತೆ ನೋಡಿಕೊಳ್ಳುತ್ತಾರೆ.

ಟಿಎಸ್‌ಎಚ್ ಸರಿಯಾದ ನಂತರವೂ ದಣಿವು ಉಳಿದರೆ ಪ್ರಮಾಣ ಏರಿಸುವಂತೆ ಒತ್ತಾಯಿಸುವುದಕ್ಕಿಂತ ರಕ್ತಹೀನತೆ, ಬಿ12 ಕೊರತೆ, ಸೀಲಿಯಾಕ್, ಗೊರಕೆಯೊಡನೆ ಬರುವ ನಿದ್ರೆಯ ತೊಂದರೆ, ಖಿನ್ನತೆ ಇವುಗಳನ್ನು ಪರೀಕ್ಷಿಸಿಕೊಳ್ಳುವುದು ಹೆಚ್ಚು ಉಪಯುಕ್ತ. ದಣಿವಿನ ಜೊತೆ ತೂಕ ಇಳಿಯುತ್ತಾ, ಎದ್ದು ನಿಂತಾಗ ತಲೆ ಸುತ್ತುತ್ತಾ, ಚರ್ಮ ಕಪ್ಪಾಗುತ್ತಾ ಬಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಸೋಲುತ್ತಿರಬಹುದು. ಆ ಅನುಮಾನವಿದ್ದಾಗ ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋಲ್ ಪರೀಕ್ಷೆ ಆಗುವವರೆಗೆ ಥೈರಾಯ್ಡ್ ಮಾತ್ರೆಯನ್ನು ಆರಂಭಿಸುವುದಾಗಲಿ ಏರಿಸುವುದಾಗಲಿ ಅಪಾಯಕಾರಿ.