ಕಾಗದ ಕೆಳಗಿಟ್ಟು ಹೊಲಕ್ಕೆ ಹೋದ ಮೇಲೆ

ದಾವಣಗೆರೆ ಕಡೆಯ ಒಂದು ಸಮುದಾಯ ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮ ಮಾಡುವ ಹಳ್ಳಿ ಹುಡುಗ ಹುಡುಗಿಯರಿಗೆ ನಾನು ಕೆಲವು ವರ್ಷ ತರಬೇತಿ ಕೊಟ್ಟೆ. ಮೊದಮೊದಲು ಕಲಿಸಿದ್ದೆಲ್ಲ ಸ್ಟುಡಿಯೋ ಕೆಲಸ. ಮೈಕಿನಿಂದ ಒಂದು ಗೇಣು ದೂರ ಕೂರಿ, ಆತುರ ಬೇಡ, ಎಡಿಟಿಂಗ್ ಹೀಗೆ ಮಾಡಿ. ಅದೂ ಬೇಕು. ಆದರೆ ಅಷ್ಟೇ ಸಾಲದು ಅಂತ ತಿಳಿದಿದ್ದು 2018ರ ಮುಂಗಾರಿನಲ್ಲಿ.

ಆ ವರ್ಷ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಹೊಸ ಸೈನಿಕ ಹುಳು ಸಿಕ್ಕಿತು. ದೇಶದಲ್ಲೇ ಮೊದಲು. ಜನ ಅದನ್ನು ಲದ್ದಿ ಹುಳು ಅಂದರು. ನಮ್ಮ ನಿರೂಪಕಿ ಕರಪತ್ರವನ್ನು ಒಂದಕ್ಷರ ಬಿಡದೆ ಓದಿದಳು: ಎಮಾಮೆಕ್ಟಿನ್ ಬೆಂಜೊಯೇಟ್ ಕೀಟನಾಶಕ, ಲೀಟರ್ ನೀರಿಗೆ 0.4 ಗ್ರಾಂ. ತಕ್ಷಣ ಫೋನ್ ಬಂತು. "ಅಕ್ಕಾರೆ, ಕ್ಯಾನಿಗೆ ಎಷ್ಟು ಅಂತ ಹೇಳ್ರಿ!" ಔಷಧ ಹೊಡೆಯುವ ಹದಿನೈದು ಲೀಟರ್ ಕ್ಯಾನಿಗೆ 6 ಗ್ರಾಂ. ಅದನ್ನು ನಾವೇ ಲೆಕ್ಕ ಮಾಡಿ ಹೇಳಬೇಕಿತ್ತು. ಕರಪತ್ರವಾದರೆ ಮತ್ತೆ ತೆರೆದು ಓದಬಹುದು. ರೇಡಿಯೋದಲ್ಲಿ ಮಾತು ಹೋದರೆ ಹೋಯಿತು, ಅಲ್ವಾ?

ಮರುದಿನ ಎಲ್ಲರನ್ನೂ ಹೊಲಕ್ಕೆ ಕರೆದುಕೊಂಡು ಹೋದೆ. ಗಾಳಿ ಸದ್ದು ಬಾರದಂತೆ ಮೈಕಿಗೆ ಬಟ್ಟೆ ಸುತ್ತಿದೆವು. "ಏನು ಪರಿಹಾರ ಮಾಡಿದ್ರಿ?" ಅಂತ ಶುರು ಮಾಡಬೇಡಿ, "ಮೊದಲ ದಿನ ಏನು ಕಾಣಿಸ್ತು?" ಅಂತ ಕೇಳಿ ಅಂದೆ. ಕಳೆ ತೆಗೆಯುತ್ತಿದ್ದ ಒಬ್ಬ ಅಜ್ಜಿ ಸುಳಿ ಬಿಡಿಸಿ ತೋರಿಸಿದರು. "ನೋಡವ್ವ, ಮರ ಕೊಯ್ದ ಪುಡಿ ಸುರಿದಂಗೈತಿ." ಹುಳದ ಹಿಕ್ಕೆಯನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಅಜ್ಜಿಯ ಆ ದನಿಯಿಂದಲೇ ಮುಂದಿನ ಕಾರ್ಯಕ್ರಮ ಶುರುವಾಯಿತು.

ಆಮೇಲಿನ ವಾರ ವಿಷಪಾಷಾಣದ ವಿಷಯ, ಅಂದರೆ ಹುಳ ತಿಂದು ಸಾಯಲಿ ಅಂತ ಹಾಕುವ ವಿಷ ಬೆರೆಸಿದ ತಿನಿಸು. 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿಯಲು ಬಿಡಬೇಕು. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ, ಸುಳಿಯೊಳಗೆ ಹಾಕಬೇಕು. ನಾನು ಬರೆದುಕೊಟ್ಟದ್ದನ್ನು ಓದಿ ಅದೇ ನಿರೂಪಕಿ ತಡೆದಳು. "ಅಲ್ರಿ ಸರ್, ಇದರಾಗ ಬೆಲ್ಲ ಐತಲ್ಲ. ಕಲಸಿ ಹಿತ್ತಲಲ್ಲಿ ಇಟ್ರೆ ಮಕ್ಕಳು ಕೈ ಹಾಕಲ್ವಾ? ಕೋಳಿ, ಆಡು ತಿಂದ್ರೆ?"

ನನಗೆ ಹೊಳೆದೇ ಇರಲಿಲ್ಲ. ಅವಳ ಮನೆ ಹಿತ್ತಲಲ್ಲಿ ಕೋಳಿ ಇವೆ, ಅವಳಿಗೆ ಹೊಳೆಯಿತು.

ನಮ್ಮಂಥ ರೇಡಿಯೋಗೆ ಇರುವುದು 100 ವ್ಯಾಟ್ ಶಕ್ತಿ. ಸುತ್ತ ಹತ್ತು ಹದಿನೈದು ಕಿಲೋಮೀಟರ್ ಕೇಳಿಸುತ್ತದೆ. ಜಾಸ್ತಿ ದೂರ ಹೋಗಲ್ಲ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೇಳುವವರ ಹೊಲಕ್ಕೂ ಕೇಳುವವರ ಹೊಲಕ್ಕೂ ಒಂದೇ ಮಳೆ ಬೀಳುತ್ತದೆ. ಒಂದೇ ಹುಳ ಬರುತ್ತದೆ.

ಅಂದಿನಿಂದ ನನ್ನ ತರಬೇತಿಯಲ್ಲಿ ಒಂದು ಪದ್ಧತಿ ಇದೆ. ಬರೆದದ್ದನ್ನು ಪ್ರಸಾರಕ್ಕೆ ಮೊದಲು ಇಬ್ಬರು ರೈತರಿಗೆ ಓದಿ ಹೇಳಬೇಕು. ಅವರು ಅದನ್ನು ವಾಪಸ್ ನಮಗೆ ಹೇಳಬೇಕು. ಅಳತೆ ತಪ್ಪು ಬಂದರೆ ತಪ್ಪು ಅವರದಲ್ಲ, ನಾವು ಮತ್ತೆ ಬರೆಯುತ್ತೇವೆ. ವಿಷಪಾಷಾಣದ ಕಾರ್ಯಕ್ರಮವಾದರೆ ಮಕ್ಕಳು, ಕೋಳಿ, ಆಡಿನ ಮಾತು ಮೊದಲು ಬರುತ್ತದೆ. ಬೆಲ್ಲ, ತೌಡು ಆಮೇಲೆ.